ವಿಲ್, ವರ, ಉಯಿಲು

ಇಂಗ್ಲಿಷ್ ಕ್ರಿಯಾಪದದ ಮೈಮೇಲೆ ನಿನ್ನೆಯ ಗುರುತುಂಟು, ನಾಳೆಯ ಗುರುತಿಲ್ಲ. ‘ವಾಕ್’ ಎಂಬುದು ‘ವಾಕ್ಡ್’ ಆದರೆ ನಡಿಗೆ ಮುಗಿಯಿತೆಂದು ಗೊತ್ತಾಗುತ್ತದೆ. ‘ಸಿಂಗ್’ ‘ಸ್ಯಾಂಗ್’ ಆದರೆ ಹಾಡಿ ಆಯಿತು. ನಾಳೆಯ ನಡಿಗೆಗೆ, ನಾಳೆಯ ಹಾಡಿಗೆ ಆ ಧಾತುಗಳು ಬೇರೆ ರೂಪವನ್ನೇ ತಾಳುವುದಿಲ್ಲ. ಬೇರೆಲ್ಲೋ ಕೆಲಸದಲ್ಲಿದ್ದ ಇನ್ನೊಂದು ಪದವನ್ನು ಕರೆತಂದು ಪಕ್ಕದಲ್ಲಿ ನಿಲ್ಲಿಸಬೇಕು. ಹಾಗೆ ಬಂದು ನಿಂತವುಗಳಲ್ಲಿ ‘ವಿಲ್’ ಒಂದು ಕಾಲಕ್ಕೆ ಬಯಕೆಯ ಮಾತು, ‘ಶಲ್’ ಸಾಲದ ಮಾತು, ‘ಗೋಯಿಂಗ್ ಟು’ ಕಾಲ್ನಡಿಗೆಯ ಮಾತು. ಭವಿಷ್ಯತ್ ಕಾಲವೆಂದರೆ ವಿಲ್ ಮತ್ತು ಶಲ್ ಎಂದು ಕೋಷ್ಟಕ ಬರೆದು ಉರು ಹೊಡೆದ ನಮಗೆ ಈ ಪದಗಳ ಹಿಂದಿನ ಬದುಕನ್ನು ಯಾರೂ ಹೇಳಲಿಲ್ಲ. ಹೇಳಿದ್ದರೆ, ನಾಳೆಯ ಒಂದೇ ಪ್ರಯಾಣವನ್ನು ಇಂಗ್ಲಿಷಿನವರು ನಾಲ್ಕೈದು ಬಗೆಯಲ್ಲಿ ಹೇಳುವುದೇಕೆ ಎಂಬ ಗೊಂದಲ ಅರ್ಧಕ್ಕರ್ಧ ಕರಗುತ್ತಿತ್ತು. ಪದಗಳು ಹಳೆಯ ಕೆಲಸವನ್ನು ಬಿಟ್ಟರೂ ಅದರ ಅಭ್ಯಾಸವನ್ನು ಪೂರ್ತಿ ಬಿಟ್ಟಿಲ್ಲ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿಗೆ ಭವಿಷ್ಯದ ಚಿಂತೆಯೇ ಇರಲಿಲ್ಲ ಎನ್ನಬಹುದು, ಕನಿಷ್ಠ ವ್ಯಾಕರಣದ ಮಟ್ಟಿಗೆ. ವರ್ತಮಾನದ ರೂಪಕ್ಕೇ ‘ನಾಳೆ’ ಎಂದು ಸೇರಿಸಿದರೆ ಕೆಲಸ ನಡೆಯುತ್ತಿತ್ತು. ಹತ್ತನೆಯ ಶತಮಾನದ ಕೊನೆಗೆ ಆಲ್‌ಫ್ರಿಕ್ ಎಂಬ ಕ್ರೈಸ್ತ ಸನ್ಯಾಸಿ ಹುಡುಗರಿಗೆ ಲ್ಯಾಟಿನ್ ಕಲಿಸಲು ಇಂಗ್ಲಿಷಿನಲ್ಲಿ ಒಂದು ವ್ಯಾಕರಣ ಬರೆದ. ಲ್ಯಾಟಿನ್ನಿನಲ್ಲಿ ‘ಪ್ರೀತಿಸುವೆನು’ ಎನ್ನಲು ‘ಅಮಾಬೊ’ ಎಂಬ ಒಂದೇ ಪದ ಸಾಕು. ಅದನ್ನು ತನ್ನ ಭಾಷೆಗೆ ತರುವಾಗ ಆಲ್‌ಫ್ರಿಕ್ ವಿಲ್ಲನ್ನೂ ಬಳಸಲಿಲ್ಲ, ಶಲ್ಲನ್ನೂ ಬಳಸಲಿಲ್ಲ. ‘ಪ್ರೀತಿಸುತ್ತೇನೆ’ ಎಂಬ ರೂಪವನ್ನೇ ಇಟ್ಟು, ಇವತ್ತೋ ನಾಳೆಯೋ ಎಂದು ಕಾಲವಾಚಕವನ್ನು ಜೋಡಿಸಿದ.

ಇದು ಕನ್ನಡದ ಕಿವಿಗೆ ಹೊಸದಲ್ಲ. ‘ನಾಳೆ ಬರ್ತೀನಿ’ ಎನ್ನುವ ನಮ್ಮ ಬಾಯಲ್ಲೂ ಇರುವುದು ಅದೇ ಏರ್ಪಾಟು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಭವಿಷ್ಯಕ್ಕೆ ‘ವ’ ಪ್ರತ್ಯಯವನ್ನು ಹೇಳಿದ್ದಾನೆ, ನಿಜ. ಆದರೆ ‘ಮಾಡುವೆನು’ ಎಂಬ ರೂಪ ಇವತ್ತು ಬಹುಮಟ್ಟಿಗೆ ಬರವಣಿಗೆಯಲ್ಲಿದೆ. ಆಡುಮಾತು ‘ಮಾಡ್ತೀನಿ’ ಎಂಬ ಒಂದರಲ್ಲೇ ಈಗಿನದನ್ನೂ ಮುಂದಿನದನ್ನೂ ತೂಗಿಸಿಕೊಂಡು ಹೋಗುತ್ತದೆ. ಕನ್ನಡಕ್ಕಿರುವುದು ಭೂತ ಮತ್ತು ಭೂತವಲ್ಲದ್ದು ಎಂಬ ಎರಡೇ ಕಾಲ ಎಂದು ಭಾಷಾಶಾಸ್ತ್ರಜ್ಞ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದು ಈ ಕಾರಣಕ್ಕೇ. ಹಾಗಾಗಿ ‘ಟುಮಾರೊ ಐ ಕಮ್’ ಎಂದು ಬರೆದ ನಮ್ಮ ಹಳ್ಳಿಯ ಹುಡುಗಿಯ ವಾಕ್ಯಕ್ಕೆ ಕೆಂಪು ಗೆರೆ ಎಳೆಯುವ ಮುನ್ನ, ಆಲ್‌ಫ್ರಿಕ್‌ನ ಮಠದ ಹುಡುಗರಿಗೆ ಅದು ಸಹಜವಾದ ಮಾತಾಗಿತ್ತು ಎಂಬುದು ಮೇಷ್ಟ್ರಿಗೆ ಗೊತ್ತಿರಬೇಕು.

ಇನ್ನು ‘ವಿಲ್’. ಹಳೆಯ ಇಂಗ್ಲಿಷಿನಲ್ಲಿ ಇದರ ಧಾತು ‘ವಿಲ್ಲನ್’. ಅರ್ಥ: ಬಯಸು, ಇಷ್ಟಪಡು, ಮನಸ್ಸು ಮಾಡು. ಅದರ ಬೇರು ಇಂಗ್ಲೆಂಡಿಗಿಂತ ಎಷ್ಟೋ ಹಳೆಯದು. ಇಂಡೋ-ಯುರೋಪಿಯನ್ ಭಾಷೆಗಳ ಮೂಲದಲ್ಲಿ ‘ಆಯ್ದುಕೊಳ್ಳು, ಬಯಸು’ ಎಂಬರ್ಥದ ‘ವೆಲ್’ ಧಾತುವೊಂದಿತ್ತೆಂದು ಭಾಷಾಶಾಸ್ತ್ರಜ್ಞರು ಗುರುತಿಸುತ್ತಾರೆ. ಅದು ಲ್ಯಾಟಿನ್ನಿನಲ್ಲಿ ‘ವೆಲ್ಲೆ’ ಆಯಿತು. ತನ್ನ ಮನಸ್ಸಿನಿಂದಲೇ ಮುಂದೆ ಬರುವ ವಾಲಂಟಿಯರ್ ಆ ಕವಲಿನವನು. ಜರ್ಮನ್ನಿನಲ್ಲಿ ‘ವೊಲೆನ್’ ಆಯಿತು. ಸಂಸ್ಕೃತದಲ್ಲಿ ಲಕಾರ ರಕಾರವಾಗಿ ‘ವೃ’ ಆಯಿತು. ಅಲ್ಲಿಂದ ‘ವರ’ ಹುಟ್ಟಿತು. ದೇವರಲ್ಲಿ ಬೇಡಿ ಆಯ್ದುಕೊಂಡದ್ದು ವರ, ಹೆಣ್ಣು ಆಯ್ದುಕೊಂಡ ಗಂಡೂ ವರ. ಸ್ವಯಂವರ, ವರಿಸು, ವರಣ ಎಲ್ಲವೂ ಈ ಮನೆಯವೇ. ನಮ್ಮ ಲಗ್ನಪತ್ರಿಕೆಯ ಮೇಲೆ ‘ಚಿ. ರಾ.’ ಎಂದು ಅಚ್ಚಾಗುವ ಆ ವರನೂ ಇಂಗ್ಲಿಷ್ ಪಠ್ಯಪುಸ್ತಕದ ಸಹಾಯಕ ಕ್ರಿಯಾಪದವೂ ದೂರದ ದಾಯಾದಿಗಳು.

ಈ ನಂಟು ಬೆಳಕಿಗೆ ಬರುವ ಜಾಗವೊಂದಿದೆ. ಇಂಗ್ಲೆಂಡಿನ ಚರ್ಚಿನ ಪ್ರಾರ್ಥನಾ ಪುಸ್ತಕ ಮೊದಲು ಹೊರಬಂದದ್ದು 1549ರಲ್ಲಿ. ಅದರ ಮದುವೆಯ ವಿಧಿಯಲ್ಲಿ ಪಾದ್ರಿ ವರನನ್ನೂ ವಧುವನ್ನೂ ಒಬ್ಬೊಬ್ಬರನ್ನಾಗಿ ಕೇಳುತ್ತಾನೆ, ಇವರನ್ನು ಸಂಗಾತಿಯಾಗಿ ಸ್ವೀಕರಿಸುತ್ತೀಯಾ ಎಂದು. ಉತ್ತರ ಎರಡೇ ಪದ: ‘ಐ ವಿಲ್’. ಇದನ್ನು ‘ಮುಂದೆ ಸ್ವೀಕರಿಸುತ್ತೇನೆ’ ಎಂದು ಓದಿದರೆ ಮದುವೆಯೇ ನಿಂತುಹೋಗುತ್ತದೆ. ಆ ವಿಲ್‌ನಲ್ಲಿ ನಾಳೆಯೇ ಇಲ್ಲ. ‘ಒಪ್ಪಿದ್ದೇನೆ, ಮನಸಾರೆ ಬಯಸುತ್ತೇನೆ’ ಎಂಬ ಹಳೆಯ ಅರ್ಥವೇ ಅಲ್ಲಿ ಮಾತಾಡುತ್ತಿದೆ. ನಾನು ವರಿಸಿದೆ ಎಂದು ನಮ್ಮವರು ಹೇಳಿದರೆ ಆ ಮಾತೂ ಈ ಮಾತೂ ಒಂದೇ ಬೇರಿನವು. ಈ ಸಂಬಂಧ ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಬಯಕೆ ಭವಿಷ್ಯವಾಗುವುದು ಹೇಗೆ? ಮನುಷ್ಯನೊಬ್ಬ ‘ಮನೆ ಕಟ್ಟಲು ಬಯಸುತ್ತೇನೆ’ ಎಂದರೆ ಕೇಳಿದವರು, ಇವನು ಕಟ್ಟುತ್ತಾನೆ ಎಂದು ಅಂದಾಜು ಮಾಡುತ್ತಾರೆ. ಆ ಅಂದಾಜು ನೂರಾರು ಬಾಯಲ್ಲಿ ನೂರಾರು ವರ್ಷ ಹೊರಳಿದ ಮೇಲೆ ಪದದ ಅರ್ಥವೇ ಆಗಿಬಿಡುತ್ತದೆ. ಆಮೇಲೆ ಬಯಕೆಯೇ ಇಲ್ಲದ ವಸ್ತುಗಳಿಗೂ ಅದು ಅಂಟುತ್ತದೆ. ‘ಇಟ್ ವಿಲ್ ರೇನ್’ ಎನ್ನುವಾಗ ಮಳೆಗೆ ಮನಸ್ಸಿದೆಯೇ ಎಂದು ಯಾರೂ ಕೇಳುವುದಿಲ್ಲ. ಇದು ಇಂಗ್ಲಿಷಿನವರ ವಿಶೇಷವೇನೂ ಅಲ್ಲ. ಪಾರಸಿಯ ಭವಿಷ್ಯತ್ತಿನಲ್ಲಿ ಬರುವ ‘ಖಾಹಮ್’ ಬಯಸು ಎಂಬ ಧಾತುವಿನ ರೂಪ. ಇವತ್ತಿನ ಗ್ರೀಕಿನ ‘ಥಾ’ ಬಯಸು ಎಂಬ ‘ಥೆಲೊ’ವಿನ ಸವೆದ ಚೂರು. ಆಫ್ರಿಕದ ಸ್ವಾಹಿಲಿಯ ‘ತಾ’ ಬೇಕು ಎಂಬರ್ಥದ ‘ತಾಕಾ’ದಿಂದ ಬಂದದ್ದು. ಒಂದನ್ನೊಂದು ಕಾಣದ ಭಾಷೆಗಳು ಒಂದೇ ದಾರಿ ತುಳಿದಿವೆ. ಅದೇ ಹೊತ್ತಿಗೆ ಒಡಹುಟ್ಟಿದ ಭಾಷೆಗಳು ದಾರಿ ಬೇರೆಯಾಗಿಸಿಕೊಂಡದ್ದೂ ಉಂಟು. ಜರ್ಮನ್ ಭಾಷೆ ವಿಲ್ಲನ್ನು ಬಯಕೆಗೇ ಬಿಟ್ಟು, ‘ಆಗು’ ಎಂಬರ್ಥದ ‘ವೆರ್ಡನ್’ ಅನ್ನು ನಾಳೆಗೆ ಹಚ್ಚಿತು. ಡಚ್ ಭಾಷೆ ಶಲ್‌ನ ಸೋದರ ‘ಜುಲೆನ್’ ಅನ್ನು ಆರಿಸಿಕೊಂಡಿತು.

ಬಯಕೆ ಇನ್ನೂ ಉಸಿರಾಡುತ್ತಿರುವ ಕಡೆಗಳು ಇಂಗ್ಲಿಷಿನಲ್ಲಿ ಕಡಿಮೆಯಿಲ್ಲ. ‘ದ ಡೋರ್ ವೋಂಟ್ ಓಪನ್’ ಎಂದರೆ ಬಾಗಿಲು ನಾಳೆ ತೆರೆಯುವುದಿಲ್ಲ ಎಂದಲ್ಲ, ಈಗ ಎಷ್ಟು ತಳ್ಳಿದರೂ ಒಲ್ಲೆ ಅನ್ನುತ್ತಿದೆ ಎಂದು. ಕನ್ನಡದ ‘ಒಲ್ಲೆ’ ಇಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಆ ‘ವೋಂಟ್’ ಕೂಡ ಮಧ್ಯಯುಗದ ಇಂಗ್ಲಿಷಿನಲ್ಲಿದ್ದ ‘ವೊಲ್’ ಎಂಬ ರೂಪದ ನೆನಪು. ವಿಲ್ ಗೆದ್ದಿತು, ನಿಷೇಧದಲ್ಲಿ ವೊಲ್ ಉಳಿಯಿತು. ಬಯಸದಿರು ಎನ್ನಲು ‘ನಿಲ್’ ಎಂಬ ಬೇರೆಯೇ ಪದವಿತ್ತು. ಬೇಕೋ ಬೇಡವೋ ನಡೆದುಹೋಗುವುದಕ್ಕೆ ಇವತ್ತಿಗೂ ಹೇಳುವ ‘ವಿಲ್ಲಿ-ನಿಲ್ಲಿ’ಯಲ್ಲಿ ಅದು ಉಳಿದುಕೊಂಡಿದೆ. 1609ರಲ್ಲಿ ಅಚ್ಚಾದ ಸಾನೆಟ್ಟುಗಳಲ್ಲಿ ನೂರಮೂವತ್ತೈದನೆಯದರಲ್ಲಿ ಷೇಕ್ಸ್‌ಪಿಯರ್ ಹದಿನಾಲ್ಕು ಸಾಲಿನೊಳಗೆ ಹನ್ನೆರಡಕ್ಕೂ ಹೆಚ್ಚು ಸಲ ಈ ಪದವನ್ನು ತಿರುಗಿಸುತ್ತಾನೆ. ಒಮ್ಮೆ ಅದು ಆಸೆ, ಒಮ್ಮೆ ಕಾಮ, ಒಮ್ಮೆ ಸಹಾಯಕ ಕ್ರಿಯಾಪದ, ಒಮ್ಮೆ ವಿಲಿಯಂ ಎಂಬ ಅವನ ಹೆಸರಿನ ಮುದ್ದುರೂಪ. ಪದದ ಹಳೆಯ ಅರ್ಥ ಸತ್ತಿದ್ದರೆ ಆ ಆಟ ನಡೆಯುತ್ತಲೇ ಇರಲಿಲ್ಲ.

ಅದೇ ಪದ ನಾಮಪದವಾಗಿ ಸಮುದ್ರ ದಾಟಿ ನಮ್ಮಲ್ಲಿಗೂ ಬಂತು. ಸತ್ತ ಮೇಲೆ ಆಸ್ತಿ ಯಾರಿಗೆ ಹೋಗಬೇಕೆಂದು ಬರೆದಿಡುವ ಪತ್ರಕ್ಕೆ ಇಂಗ್ಲಿಷಿನಲ್ಲಿ ವಿಲ್ ಎಂದು ಹೆಸರು. ಅದು ಕನ್ನಡದ ನಾಲಗೆಯಲ್ಲಿ ಹೊರಳಿ ‘ಉಯಿಲು’ ಆಯಿತು. ತಮಿಳಿನಲ್ಲೂ ‘ಉಯಿಲ್’. ಮರಣಶಾಸನ ಎಂಬ ಘನವಾದ ಪದವಿದ್ದರೂ ಜನ ಹೇಳುವುದು ‘ಅಪ್ಪ ಉಯಿಲು ಬರೆದಿದ್ದಾರೆ’ ಎಂದೇ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ ಕೊಡುವ ವ್ಯಾಖ್ಯೆಯಲ್ಲಿ, ತನ್ನ ಮರಣಾನಂತರ ಜಾರಿಗೆ ಬರಲಿ ಎಂದು ಒಬ್ಬರು ಬಯಸುವ ಉದ್ದೇಶದ ಘೋಷಣೆ ಎಂಬ ಭಾವ ಸ್ಪಷ್ಟವಾಗಿದೆ. ಬಯಸುವುದು ಇಂದು, ನಡೆಯುವುದು ತಾನಿಲ್ಲದ ಮುಂದೊಂದು ದಿನ. ವಿಲ್ ಎಂಬ ಕ್ರಿಯಾಪದ ಶತಮಾನಗಳ ಉದ್ದಕ್ಕೆ ಮಾಡಿದ ಪ್ರಯಾಣವನ್ನು ಈ ಒಂದು ಪತ್ರ ತನ್ನೊಳಗೇ ಮಾಡುತ್ತದೆ. ವರ ಎಂಬ ಪದ ಸಂಸ್ಕೃತದ ಕಡೆಯಿಂದ, ಉಯಿಲು ಎಂಬ ಪದ ಇಂಗ್ಲಿಷಿನ ಕಡೆಯಿಂದ ಬಂದು ಒಂದೇ ಕನ್ನಡ ನಿಘಂಟಿನಲ್ಲಿ ಕೂತಿವೆ, ತಮ್ಮ ನಂಟಿನ ಸುಳಿವು ಒಂದಿಷ್ಟೂ ಕೊಡದೆ.

ಶಲ್‌ನ ಕಥೆ ಇದಕ್ಕಿಂತ ಗಡುಸು. ಹಳೆಯ ಇಂಗ್ಲಿಷಿನ ‘ಶುಲನ್’ ಎಂದರೆ ಕೊಡಬೇಕಾಗಿರು, ಸಾಲ ಹೊತ್ತಿರು. ಬೈಬಲ್ಲಿನ ಲೂಕನ ಸುವಾರ್ತೆಯಲ್ಲಿ ಲೆಕ್ಕದ ಮೇಲ್ವಿಚಾರಕನೊಬ್ಬ ಸಾಲಗಾರನನ್ನು ಕರೆದು, ನಮ್ಮ ಯಜಮಾನರಿಗೆ ನೀನು ಎಷ್ಟು ಕೊಡಬೇಕು ಎಂದು ಕೇಳುವ ಪ್ರಸಂಗವಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷ್ ಅನುವಾದದಲ್ಲಿ ಆ ‘ಕೊಡಬೇಕು’ ಎಂಬಲ್ಲಿ ಬಂದಿರುವುದು ಶಲ್‌ನ ಪೂರ್ವರೂಪವೇ. ಜರ್ಮನ್ನಿನ ‘ಶುಲ್ಡ್’ ಇದರ ಬಂಧು. ಅದಕ್ಕೆ ಸಾಲ ಎಂದೂ ಅರ್ಥ, ತಪ್ಪು ಎಂದೂ ಅರ್ಥ. ನಮ್ಮ ಋಣ ಎಂಬ ಪದಕ್ಕಿರುವ ಭಾರ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಡಬೇಕಾದ ಹಣ ಮಾಡಬೇಕಾದ ಕೆಲಸವಾಯಿತು, ಮಾಡಬೇಕಾದದ್ದು ಆಗಲೇಬೇಕಾದದ್ದಾಯಿತು, ಆಗಲೇಬೇಕಾದದ್ದು ಆಗುವುದು ಎಂದಷ್ಟೇ ಆಯಿತು.

ಹದಿನಾಲ್ಕನೆಯ ಶತಮಾನದಲ್ಲಿ ಧರ್ಮಸುಧಾರಕ ವಿಕ್ಲಿಫ್‌ನ ಹಿಂಬಾಲಕರು ಬೈಬಲನ್ನು ಲ್ಯಾಟಿನ್ನಿನಿಂದ ತರ್ಜುಮೆ ಮಾಡುವಾಗ ಅಲ್ಲಿನ ಭವಿಷ್ಯತ್ ರೂಪಗಳಿಗೆ ಶಲ್ಲನ್ನು ನಿಯಮಿತವಾಗಿ ಬಳಸಿದರು. ವಿಲ್ಲನ್ನು ಬಯಕೆಯ ಅರ್ಥಕ್ಕೆ ಕಾಯ್ದಿರಿಸಿದರು. ವಿದ್ಯಾವಂತರ ಬರವಣಿಗೆಯಲ್ಲಿ ಶಲ್‌ಗೆ ಗೌರವ ಬಂದದ್ದಕ್ಕೆ ಇದೊಂದು ಕಾರಣ. ಆದರೆ ಆಜ್ಞೆಯ ಖಾರ ಅದರಿಂದ ಹೋಗಿರಲಿಲ್ಲ. 1623ರ ಸಂಪುಟದಲ್ಲಿ ಅಚ್ಚಾದ ಷೇಕ್ಸ್‌ಪಿಯರ್‌ನ ‘ಕೊರಿಯೊಲೇನಸ್’ ನಾಟಕದಲ್ಲಿ ಜನರ ಪ್ರತಿನಿಧಿಯೊಬ್ಬ ನಾಯಕನ ವಿಷಯದಲ್ಲಿ ಶಲ್ ಸೇರಿಸಿ ಒಂದು ಮಾತಾಡುತ್ತಾನೆ. ನಾಯಕ ಕೆರಳುವುದು ಆರೋಪಕ್ಕಲ್ಲ, ಆ ಒಂದು ಪದಕ್ಕೆ. ನನ್ನ ಮೇಲೆ ಶಲ್ ಹಾಕಲು ಇವನು ಯಾರು ಎಂಬಂತೆ ಅದನ್ನೇ ಹಿಡಿದು ಮತ್ತೆ ಮತ್ತೆ ಜಗ್ಗುತ್ತಾನೆ. ಅಧಿಕಾರ ಯಾರದು ಎಂಬ ಇಡೀ ನಾಟಕದ ಜಗಳ ಒಂದು ಸಹಾಯಕ ಕ್ರಿಯಾಪದದೊಳಗೆ ನುಗ್ಗಿಬಿಡುತ್ತದೆ.

ಆಮೇಲೆ ಬಂದರು ನಿಯಮದವರು. 1653ರಲ್ಲಿ ಜಾನ್ ವಾಲಿಸ್ ಇಂಗ್ಲಿಷಿಗೆ ಒಂದು ವ್ಯಾಕರಣ ಬರೆದ, ಲ್ಯಾಟಿನ್ ಭಾಷೆಯಲ್ಲಿ, ವಿದೇಶಿಯರನ್ನು ಮನಸ್ಸಿನಲ್ಲಿಟ್ಟುಕೊಂಡು. ಅವನು ವೃತ್ತಿಯಲ್ಲಿ ಗಣಿತಜ್ಞ. ಆಕ್ಸ್‌ಫರ್ಡಿನಲ್ಲಿ ರೇಖಾಗಣಿತದ ಪ್ರಾಧ್ಯಾಪಕ. ಅಂತರ್ಯುದ್ಧದ ಕಾಲದಲ್ಲಿ ಪಾರ್ಲಿಮೆಂಟಿನ ಪರವಾಗಿ ಗುಪ್ತಲಿಪಿಗಳನ್ನು ಒಡೆದವನು, ಅನಂತಕ್ಕೆ ನಾವು ಇವತ್ತು ಬಳಸುವ ಮಲಗಿದ ಎಂಟರಂಥ ಚಿಹ್ನೆಯನ್ನು ಬಳಕೆಗೆ ತಂದವನು. ಅವನು ಹಾಕಿಕೊಟ್ಟ ಸೂತ್ರ ಹೀಗಿದೆ: ‘ನಾನು, ನಾವು’ಗಳ ಜೊತೆ ಶಲ್ ಬಂದರೆ ಬರೀ ಮುನ್ಸೂಚನೆ, ವಿಲ್ ಬಂದರೆ ಮಾತು ಕೊಟ್ಟಂತೆ ಇಲ್ಲವೇ ಬೆದರಿಕೆ. ‘ನೀನು, ಅವನು, ಅವರು’ಗಳ ಜೊತೆ ಇದು ತಿರುಗುಮುರುಗು. ನೋಡಲು ಗಣಿತದ ಸಮೀಕರಣದಷ್ಟೇ ಚೆಂದ. ಬಯಕೆ ಮತ್ತು ಋಣದ ಹಳೆಯ ಅರ್ಥಗಳನ್ನು ನೆನೆದರೆ ಅದರಲ್ಲಿ ತರ್ಕವೂ ಇದೆ. ನನ್ನ ಬಯಕೆಯನ್ನು ನಾನು ಹೇಳಿದರೆ ಅದು ಸಂಕಲ್ಪ. ನಿನ್ನ ಋಣವನ್ನು ನಾನು ಹೇಳಿದರೆ ಅದು ಅಪ್ಪಣೆ.

ತೊಂದರೆ ಏನೆಂದರೆ ಜನ ಹಾಗೆ ಮಾತಾಡುತ್ತಿರಲಿಲ್ಲ. ದಕ್ಷಿಣ ಇಂಗ್ಲೆಂಡಿನ ಒಂದು ವರ್ಗದ ಮಾತಿಗೆ ಅದು ಸ್ವಲ್ಪಮಟ್ಟಿಗೆ ಹೊಂದುತ್ತಿತ್ತು. ಸ್ಕಾಟ್ಲೆಂಡ್, ಐರ್ಲೆಂಡ್, ಅಮೆರಿಕದವರ ಬಾಯಲ್ಲಿ ವಿಲ್ಲೇ ಎಲ್ಲ ಕಡೆಗೂ ಸಲ್ಲುತ್ತಿತ್ತು. 1795ರ ಲಿಂಡ್ಲಿ ಮರ್ರಿಯ ವ್ಯಾಕರಣದಂಥ ಪಠ್ಯಗಳು ಸೂತ್ರವನ್ನು ಶಾಲೆಶಾಲೆಗೂ ಒಯ್ದವು. ನೀರಲ್ಲಿ ಮುಳುಗುತ್ತಿದ್ದ ಐರಿಷ್ ಮನುಷ್ಯ ಶಲ್ ಹೇಳುವಲ್ಲಿ ವಿಲ್, ವಿಲ್ ಹೇಳುವಲ್ಲಿ ಶಲ್ ಹೇಳಿ, ತಾನು ಮುಳುಗಿಯೇ ತೀರುವೆ, ಯಾರೂ ಉಳಿಸಕೂಡದು ಎಂದಂತಾಗಿ, ದಡದಲ್ಲಿದ್ದವರು ಸುಮ್ಮನೆ ನಿಂತರು ಎಂಬ ಕಥೆಯನ್ನು ವ್ಯಾಕರಣದ ಪುಸ್ತಕಗಳು ತಲೆಮಾರುಗಳ ಕಾಲ ಹೇಳಿಕೊಂಡು ಬಂದವು. ಆ ಕಥೆಯನ್ನು ನಾನು ಸಹಿಸಲಾರೆ. ಒಬ್ಬರ ಊರಿನ ಬಳಕೆಯನ್ನು ಇನ್ನೊಬ್ಬರ ಮೂರ್ಖತನಕ್ಕೆ ಅಳತೆಗೋಲು ಮಾಡುವ ದರ್ಪ ಅದರಲ್ಲಿದೆ. 1906ರಲ್ಲಿ ಫೌಲರ್ ಸಹೋದರರು ‘ದ ಕಿಂಗ್ಸ್ ಇಂಗ್ಲಿಷ್’ ಪುಸ್ತಕದಲ್ಲಿ ಇದಕ್ಕೆ ಪುಟಗಟ್ಟಲೆ ಜಾಗ ಕೊಟ್ಟು, ದಕ್ಷಿಣ ಇಂಗ್ಲೆಂಡಿನಲ್ಲಿ ಹುಟ್ಟಿದವರಿಗೆ ಇದು ತಾನಾಗಿ ಬರುತ್ತದೆ, ಉಳಿದವರಿಗೆ ದಕ್ಕುವುದು ಕಷ್ಟ ಎಂಬರ್ಥದಲ್ಲಿ ಬರೆದರು. ಮೂಲದಲ್ಲಿ ಹೊರಗಿನವರಿಗಾಗಿಯೇ ಹುಟ್ಟಿದ ಸೂತ್ರ ಹೊರಗಿನವರನ್ನು ಬಾಗಿಲಲ್ಲೇ ತಡೆಯುವ ಕೆಲಸಕ್ಕೆ ಬಂತು. ನಮ್ಮ ಪ್ರೌಢಶಾಲೆಗಳಿಗೂ ರೆನ್ ಮತ್ತು ಮಾರ್ಟಿನ್ನರ ಪುಸ್ತಕದ ಮೂಲಕ ತಲುಪಿದ್ದು ಇದೇ ಪಾಠ. 1925ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರೈಸ್ ಇಂಗ್ಲಿಷ್ ಮತ್ತು ಅಮೆರಿಕನ್ ನಾಟಕಗಳ ಸಂಭಾಷಣೆಗಳನ್ನು ಸೋಸಿ ನೋಡಿ, ಬಳಕೆ ಸೂತ್ರವನ್ನು ಪಾಲಿಸುತ್ತಿಲ್ಲ ಎಂದು ತೋರಿಸಿದರು. ಆ ಪ್ರಬಂಧ ಬಂದು ನೂರು ವರ್ಷವಾದರೂ ನಮ್ಮ ಗೈಡುಗಳಲ್ಲಿ ಆ ಸೂತ್ರ ಉಳಿದುಕೊಂಡಿರುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಶಲ್ ಈಗ ಬೀದಿಯಿಂದ ಸರಿದು ಕಚೇರಿ ಸೇರಿದೆ. ನಮ್ಮ ಸಂವಿಧಾನದ ಇಂಗ್ಲಿಷ್ ಪಾಠದ ಒಂದನೆಯ ಅನುಚ್ಛೇದವೇ, ಭಾರತವು ರಾಜ್ಯಗಳ ಒಕ್ಕೂಟ ಎಂಬುದನ್ನು ಶಲ್ ಬಳಸಿ ವಿಧಿಸುತ್ತದೆ. ಅಲ್ಲಿ ನಾಳೆಯ ಮಾತಿಲ್ಲ, ಹಳೆಯ ಋಣದ ಮಾತೇ ಇದೆ. ಕನ್ನಡದ ಕಾನೂನು ಬರವಣಿಗೆ ಇದನ್ನು ‘ಮಾಡುವುದು’ ಎಂದು ಬಿಡದೆ ‘ತಕ್ಕದ್ದು’ ಎಂಬ ಪದದಿಂದ ಹಿಡಿಯುತ್ತದೆ: ಸಲ್ಲಿಸತಕ್ಕದ್ದು, ಪಾವತಿಸತಕ್ಕದ್ದು. ಕಿವಿಗೆ ಒರಟೆನಿಸಿದರೂ ಬಲು ನಿಖರವಾದ ಆಯ್ಕೆ ಅದು. ಶಲ್ ಎಂದ ಮಾತ್ರಕ್ಕೆ ಕಡ್ಡಾಯವೇ ಎಂಬ ಪ್ರಶ್ನೆ ನ್ಯಾಯಾಲಯಗಳನ್ನು ಬಿಟ್ಟಿಲ್ಲ. ಸರ್ಕಾರಿ ನೌಕರರ ಶಿಸ್ತಿನ ವಿಷಯದಲ್ಲಿ ಲೋಕಸೇವಾ ಆಯೋಗವನ್ನು ಕೇಳಬೇಕೆನ್ನುವ 320ನೆಯ ಅನುಚ್ಛೇದದಲ್ಲಿ ಶಲ್ ಇದ್ದರೂ, ಅದು ನಿರ್ದೇಶನವೇ ಹೊರತು ಕಡ್ಡಾಯವಲ್ಲ ಎಂದು 1957ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಮೆರಿಕದ ಸಂಯುಕ್ತ ನ್ಯಾಯಾಲಯಗಳ ಸಿವಿಲ್ ನಿಯಮಗಳನ್ನು 2007ರಲ್ಲಿ ತಿರುಗಿ ಬರೆದಾಗ ಶಲ್ಲನ್ನು ತೆಗೆದೇಹಾಕಿದರು. ಹಾಡಿನಲ್ಲಿ ಮಾತ್ರ ಅದಕ್ಕೆ ಮರುಹುಟ್ಟು ಸಿಕ್ಕಿತು. 1945-46ರಲ್ಲಿ ಚಾರ್ಲ್ಸ್‌ಟನ್ನಿನ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ಕಪ್ಪು ಹೆಣ್ಣುಮಕ್ಕಳು ಹಾಡಿದ ಗೀತೆಯಲ್ಲಿದ್ದದ್ದು ವಿಲ್. ಗಾಯಕ ಪೀಟ್ ಸೀಗರ್ ಕೈಗೆ ಬಂದ ಮೇಲೆ ಅದು ‘ವಿ ಶಲ್ ಓವರ್‌ಕಮ್’ ಆಯಿತು. ಬದಲಿಸಿದ್ದು ತಾನಿರಬಹುದು, ಹೋರಾಟಗಾರ್ತಿ ಸೆಪ್ಟಿಮಾ ಕ್ಲಾರ್ಕ್ ಇರಬಹುದು, ಆ ಸ್ವರಕ್ಕೆ ಬಾಯಿ ಚೆನ್ನಾಗಿ ತೆರೆದುಕೊಳ್ಳುತ್ತದೆ ಎಂದು ಸೀಗರ್ ಮುಂದೆ ಹೇಳಿದ್ದುಂಟು.

‘ಗೋಯಿಂಗ್ ಟು’ ಇವರಿಬ್ಬರಿಗಿಂತ ಕಿರಿಯದು. ಷೇಕ್ಸ್‌ಪಿಯರ್‌ನ ‘ಟು ಜಂಟಲ್‌ಮೆನ್ ಆಫ್ ವೆರೋನಾ’ ನಾಟಕದಲ್ಲಿ ಇಷ್ಟು ಅವಸರದಲ್ಲಿ ಎಲ್ಲಿಗೆ ಎಂದು ದೊರೆ ಕೇಳಿದಾಗ, ವ್ಯಾಲೆಂಟೈನ್ ಪತ್ರಗಳನ್ನು ಕೊಡಲು ಹೋಗುತ್ತಿದ್ದೇನೆ ಎನ್ನುತ್ತಾನೆ. ಅಲ್ಲಿ ಕಾಲು ನಡೆಯುತ್ತಿದೆ, ಜೊತೆಗೆ ಉದ್ದೇಶವೂ ಇದೆ. ಕೊಡಲು ಹೊರಟವನು ಇನ್ನೂ ಕೊಟ್ಟಿಲ್ಲ, ಮುಂದೆ ಕೊಡುತ್ತಾನೆ. ಆ ಸಂದಿಯಲ್ಲೇ ಭವಿಷ್ಯ ಮೊಳೆತದ್ದು. 1482ರಷ್ಟು ಹಿಂದೆಯೇ ನರಕಕ್ಕೆ ಒಯ್ಯಲ್ಪಡಲಿರುವ ಆತ್ಮವೊಂದರ ಬಗ್ಗೆ ಈ ಪದಗುಚ್ಛ ಬಂದಿದೆ. 1646ರಲ್ಲಿ ಜೋಷುವಾ ಪೂಲ್ ಎಂಬ ವ್ಯಾಕರಣಕಾರ ಇದನ್ನು ಭವಿಷ್ಯದ ಗುರುತೆಂದೇ ಬರೆದಿಟ್ಟ. ಇವತ್ತು ಕಾಲು ಎತ್ತದೆ ಕುರ್ಚಿಯಲ್ಲಿ ಕೂತವರೂ ‘ಐ ಆ್ಯಮ್ ಗೋಯಿಂಗ್ ಟು ಸ್ಲೀಪ್’ ಎನ್ನುತ್ತಾರೆ. ‘ಗೋಯಿಂಗ್ ಟು ಗೋ’ ಎಂದು ಹೋಗುವುದನ್ನೇ ಎರಡು ಸಲ ಹೇಳಿದರೂ ಯಾರಿಗೂ ವಿಚಿತ್ರವೆನಿಸುವುದಿಲ್ಲ, ಮೊದಲನೆಯದರಲ್ಲಿ ನಡಿಗೆ ಸವೆದುಹೋಗಿದೆ. ಸ್ವತಂತ್ರ ಪದ ಹೀಗೆ ಸವೆದು ವ್ಯಾಕರಣದ ಕೈಯಾಳಾಗುವುದಕ್ಕೆ 1912ರಲ್ಲಿ ಫ್ರಾನ್ಸಿನ ಆಂತ್ವಾನ್ ಮೆಯ್ಯೆ ‘ವ್ಯಾಕರಣೀಕರಣ’ ಎಂಬರ್ಥದ ಹೆಸರಿಟ್ಟ.

ಈಗ ಆ ನಾಲ್ಕೈದು ಬಗೆಗಳನ್ನು ಹತ್ತಿರ ಇಟ್ಟು ನೋಡಬಹುದು. ಮನೆಯಲ್ಲಿ ಫೋನು ಬಡಿದುಕೊಳ್ಳುತ್ತದೆ, ‘ಐ ವಿಲ್ ಗೆಟ್ ಇಟ್’ ಎಂದು ಒಬ್ಬರು ಏಳುತ್ತಾರೆ. ಬಯಕೆ ಆ ಕ್ಷಣದಲ್ಲಿ ಹುಟ್ಟಿದೆ, ಆದ್ದರಿಂದ ವಿಲ್. ಕನ್ನಡದಲ್ಲಿ ‘ನಾನು ತಗೋತೀನಿ’. ಬರುವ ವರ್ಷ ಎಂ.ಎ. ಓದಬೇಕು ಅಂತ ಮೊದಲೇ ಮನಸ್ಸು ಮಾಡಿದವರು ‘ಗೋಯಿಂಗ್ ಟು’ ಅನ್ನುತ್ತಾರೆ, ದಾರಿ ಹಿಡಿದಾಗಿದೆ. ‘ಓದಬೇಕು ಅಂತಿದ್ದೀನಿ’ ಎಂಬುದು ಅದರ ನಮ್ಮ ರೂಪ. ಸೋಮವಾರ ಡಾಕ್ಟರನ್ನು ಕಾಣಲು ಸಮಯ ಗೊತ್ತುಮಾಡಿಕೊಂಡಿದ್ದರೆ ‘ಐ ಆ್ಯಮ್ ಸೀಯಿಂಗ್’ ಎಂದು ವರ್ತಮಾನವೇ ಸಾಕು, ಏರ್ಪಾಟು ಇಂದೇ ನಡೆದಿದೆ. ‘ಸೋಮವಾರ ಡಾಕ್ಟರ ಹತ್ತಿರ ಹೋಗುವುದಿದೆ’ ಎನ್ನುವಾಗ ಆ ‘ಇದೆ’ ಮಾಡುವ ಕೆಲಸವೂ ಅದೇ. ರೈಲಿನ ವೇಳಾಪಟ್ಟಿಗೆ ಯಾರ ಬಯಕೆಯೂ ಬೇಡ, ‘ದ ಟ್ರೈನ್ ಲೀವ್ಸ್ ಅಟ್ ಸಿಕ್ಸ್’ ಎಂಬ ಬರಿಯ ವರ್ತಮಾನ ಸಾಕು. ಮಂತ್ರಿಗಳು ನಾಳೆ ‘ಭೇಟಿ ನೀಡಲಿದ್ದಾರೆ’ ಎಂದು ನಮ್ಮ ಪತ್ರಿಕೆಗಳು ಬರೆಯುವಲ್ಲಿ ಇಂಗ್ಲಿಷ್ ಪತ್ರಿಕೆಗಳು ‘ಈಸ್ ಟು ವಿಸಿಟ್’ ಎನ್ನುತ್ತವೆ. ಎರಡರಲ್ಲೂ ‘ಇರು’ ಧಾತುವೇ ಭಾರ ಹೊತ್ತಿದೆ. ಕರೆದ ಕೂಡಲೆ ‘ಬಂದೆ, ಬಂದೆ’ ಎನ್ನುವ ನಮ್ಮ ಭೂತಕಾಲದ ಭವಿಷ್ಯಕ್ಕೆ ಮಾತ್ರ ಇಂಗ್ಲಿಷಿನಲ್ಲಿ ಜೋಡಿ ಇಲ್ಲ, ಅವರು ‘ಕಮಿಂಗ್’ ಎಂದು ವರ್ತಮಾನದಲ್ಲೇ ನಿಲ್ಲುತ್ತಾರೆ.

ಸವೆತ ಇನ್ನೂ ನಡೆಯುತ್ತಿದೆ. ‘ಗೋಯಿಂಗ್ ಟು’ ಆಡುಮಾತಿನಲ್ಲಿ ‘ಗಾನ’ ಆಗಿ ಎಷ್ಟೋ ಕಾಲವಾಯಿತು. ಆದರೆ ನಿಜವಾದ ಪ್ರಯಾಣಕ್ಕೆ ಆ ರೂಪ ಒಗ್ಗುವುದಿಲ್ಲ: ‘ಗಾನ ಈಟ್’ ಎನ್ನಬಹುದು, ‘ಗಾನ ಲಂಡನ್’ ಎನ್ನುವಂತಿಲ್ಲ. ಅಮೆರಿಕದ ಕಪ್ಪು ಜನರ ಇಂಗ್ಲಿಷಿನಲ್ಲಿ ‘ಐ ಆ್ಯಮ್ ಗೋಯಿಂಗ್ ಟು’ ಎಂಬುದಿಷ್ಟೂ ಕರಗಿ ‘ಐಮ’ ಎಂಬ ಎರಡು ಅಕ್ಷರವಾಗಿದೆ. ಲ್ಯಾಟಿನ್ನಿನ ‘ಅಮಾಬೊ’ದಂಥ ರೂಪಗಳು ಹೋಗಿ, ‘ಹಾಡಲು ನನಗಿದೆ’ ಎಂಬಂಥ ಎರಡು ಪದಗಳ ಜೋಡಣೆ ಬೆಸೆದುಕೊಂಡು ಫ್ರೆಂಚಿನ ‘ಶಾಂತ್‌ರೇ’ ಎಂಬ ಒಂದೇ ಪದವಾದದ್ದೂ ಇದೇ ಹಾದಿಯಲ್ಲಿ. ಇಂಗ್ಲಿಷ್ ಕ್ರಿಯಾಪದಕ್ಕೆ ಎಂದಾದರೂ ತನ್ನದೇ ಭವಿಷ್ಯತ್ ಪ್ರತ್ಯಯ ಹುಟ್ಟುವುದಾದರೆ ಅದು ಆ ‘ಮ’ಕಾರದ ಆಸುಪಾಸಿನಲ್ಲೇ ಹುಟ್ಟೀತು.